ಕಂತು ತಪ್ಪಿದವರಿಗೂ ಮನೆ ಸಾಲ: ‘ಸಿಬಿಲ್ ಸರಿ ಇಲ್ಲ’ ಎಂದಾಗ ಮಾಡಬೇಕಾದ್ದು

ಆಷಾಢದ ಮಳೆಯಲ್ಲಿ ಕೊಳೆರೋಗ ಹೊಡೆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರಿಗೆ ಅದರ ಪೂರ್ತಿ ಪೆಟ್ಟು ಗೊತ್ತಾಗುವುದು ಕೊನೆ ಕೊಯ್ಲಿನಲ್ಲಿ. ಬೈಕ್ ಸಾಲದ ಕಂತು ಮಾತ್ರ ಬೆಳೆ ನೋಡಿ ಬರುವುದಿಲ್ಲ, ತಿಂಗಳಿಗೊಮ್ಮೆ ಬರುತ್ತದೆ. ಎರಡು ಮೂರು ಕಂತು ತಪ್ಪುತ್ತವೆ. ಮಹಸೂಲು ವಿಕ್ರಿಯಾದ ಮೇಲೆ ಬಡ್ಡಿ ಸಮೇತ ತೀರಿಸಿಯೂ ಆಗುತ್ತದೆ. ವರ್ಷ ಕಳೆದು ಮನೆ ಕಟ್ಟಲು ಸಾಲ ಕೇಳಲು ಹೋದಾಗ ಬ್ಯಾಂಕಿನಲ್ಲಿ ಒಂದೇ ಮಾತು: ‘ನಿಮ್ಮ ಸಿಬಿಲ್ ಸರಿ ಇಲ್ಲ.’

ಇಷ್ಟಕ್ಕೇ ಅರ್ಜಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಬೇಕಾಗಿಲ್ಲ. ಸಾಲ ಕೊಡಲು ಇಂತಿಷ್ಟು ಸಿಬಿಲ್ ಅಂಕ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲೂ ನಿಗದಿ ಮಾಡಿಲ್ಲ. 2025ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲೂ ಇದನ್ನೇ ಹೇಳಿದೆ. ಕೊಡುವುದು ಬಿಡುವುದು ಆಯಾ ಬ್ಯಾಂಕಿನ ನೀತಿಗೆ ಬಿಟ್ಟದ್ದು. ಆದರೆ ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಎಂಬುದು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಹಾಕಿದ ನಿಯಮ. ಬಾಯಿಮಾತಿನ ‘ಆಗುವುದಿಲ್ಲ’ಕ್ಕೆ ಬೆಲೆ ಕೊಡದೆ, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಮೊದಲ ಕೆಲಸ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ 21ನೇ ಕಲಮಿನ ಪ್ರಕಾರ, ತನ್ನ ಬಗ್ಗೆ ಬ್ಯಾಂಕು ತರಿಸಿಕೊಂಡ ವರದಿಯ ಪ್ರತಿಯನ್ನು ಅರ್ಜಿದಾರ ಆ ಬ್ಯಾಂಕಿನಿಂದಲೇ ಕೇಳಿ ಪಡೆಯಬಹುದು.

ಊರಲ್ಲಿ ಎಲ್ಲರೂ ಸಿಬಿಲ್ ಎಂದೇ ಅಂದರೂ ಇಂಥ ವರದಿ ಕೊಡುವ ಸಾಲ ಮಾಹಿತಿ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ತನ್ನ ವರದಿಯನ್ನು ತಾನೇ ತೆಗೆದು ನೋಡಿದರೆ ಅಂಕ ಇಳಿಯುವುದಿಲ್ಲ. ಒಂದೇ ತಿಂಗಳಲ್ಲಿ ನಾಲ್ಕೈದು ಬ್ಯಾಂಕಿಗೆ ಅರ್ಜಿ ಹಾಕಿದರೆ ಇಳಿಯುತ್ತದೆ.

ವರದಿಯಲ್ಲಿ ಅಂಕಕ್ಕಿಂತ ಮೊದಲು ನೋಡಬೇಕಾದ್ದು ಪ್ರತಿ ಸಾಲದ ಕೆಳಗಿರುವ ಸಣ್ಣ ಚೌಕಗಳನ್ನು. ಸಿಬಿಲ್ ವರದಿಯಲ್ಲಿ 36 ತಿಂಗಳವರೆಗಿನ ಕಂತಿನ ಲೆಕ್ಕ ಅಲ್ಲಿರುತ್ತದೆ. 000 ಎಂದಿದ್ದರೆ ಆ ತಿಂಗಳು ಬಾಕಿ ಇಲ್ಲ. 030 ಎಂದಿದ್ದರೆ ಕಂತು ಮೂವತ್ತು ದಿನ ತಡ. 090 ದಾಟಿದರೆ ಸಾಲ ವಸೂಲಾಗದ ಸಾಲಗಳ ಸಾಲಿಗೆ ಸೇರಿತೆಂದೇ ಅರ್ಥ. ಎಂದೋ ಬಿದ್ದ ಎರಡು 030, ಅದರ ಮುಂದೆ ಉದ್ದಕ್ಕೂ 000 ಇದ್ದ ವರದಿಯನ್ನು ಬ್ಯಾಂಕಿನವರು ಓದುವ ರೀತಿಯೇ ಬೇರೆ. ಆದ್ದರಿಂದ ತಪ್ಪಿದ ಕಂತು ತೀರಿಸಿದ ಕೂಡಲೇ ಅರ್ಜಿ ಹಾಕುವುದಕ್ಕಿಂತ, ಒಂದು ವರ್ಷ ಕಂತುಗಳನ್ನು ಸರಿಯಾಗಿ ಕಟ್ಟಿ ಹೋಗುವುದು ಲೇಸು.

ಇನ್ನು ತಪ್ಪು ನಮೂದುಗಳು. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ ತಿಂಗಳಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ಹಳೆಯ ಸಾಲ ಎರಡು ಹೆಸರಿನಲ್ಲಿ ಎರಡು ಸಲ ಬಂದಿದೆಯೇ, ತೀರಿದ್ದು ಇನ್ನೂ ಬಾಕಿ ಎಂದೇ ಇದೆಯೇ ನೋಡಬೇಕು. ಇದ್ದರೆ ಬೇಬಾಕಿ ಪ್ರಮಾಣಪತ್ರದೊಂದಿಗೆ ಸಾಲ ಕೊಟ್ಟ ಬ್ಯಾಂಕಿಗೂ ಮಾಹಿತಿ ಕಂಪನಿಗೂ ದೂರು ಕೊಡಬೇಕು. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ದೂರುದಾರನಿಗೆ ಪರಿಹಾರ ಸಲ್ಲಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಜಾರಿಯಲ್ಲಿದೆ. ಆಮೇಲೂ ಕೆಲಸವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿದರಾಯಿತು. ‘ಸಿಬಿಲ್ ಅಳಿಸಿಕೊಡುತ್ತೇವೆ’ ಎಂದು ಹಣ ಕೇಳುವ ದಲ್ಲಾಳಿಗಳನ್ನು ದೂರವೇ ಇಡಬೇಕು. ನಿಜವಾಗಿ ತಪ್ಪಿದ ಕಂತನ್ನು ಅವರು ಅಳಿಸಲಾರರು, ತಪ್ಪಾಗಿ ಬಿದ್ದದ್ದನ್ನು ಸರಿಪಡಿಸಲು ಅವರು ಬೇಕಾಗಿಯೂ ಇಲ್ಲ.

ಹಳೆಯ ಸುಸ್ತಿ ಸಾಲವನ್ನು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಅಲ್ಲಿನ ತೀರ್ಪು ಅಂತಿಮ, ಅದರ ಮೇಲೆ ಮೇಲ್ಮನವಿ ಇಲ್ಲ. ಆದರೆ ಬ್ಯಾಂಕು ಸ್ವಲ್ಪ ಹಣ ಬಿಟ್ಟುಕೊಟ್ಟು ಮುಗಿಸಿದ ಸಾಲ ವರದಿಯಲ್ಲಿ ‘ಸೆಟಲ್ಡ್’ ಎಂದು ದಾಖಲಾಗುತ್ತದೆ, ‘ಕ್ಲೋಸ್ಡ್’ ಎಂದಲ್ಲ. ಮನೆ ಸಾಲ ಕೊಡುವವರಿಗೆ ಈ ‘ಸೆಟಲ್ಡ್’ ಕಂಡರೆ ಅನುಮಾನ. ಮುಂದೆ ಮನೆ ಕಟ್ಟುವ ಯೋಚನೆ ಇದ್ದವರು ಸಾಧ್ಯವಿದ್ದರೆ ಉಳಿದ ಮೊತ್ತವನ್ನೂ ಕಟ್ಟಿ ‘ಕ್ಲೋಸ್ಡ್’ ಮಾಡಿಸಿಕೊಳ್ಳುವುದೇ ಸರಿ. ಸಹಿ ಹಾಕುವ ಮೊದಲೇ ಹೇಗೆ ವರದಿ ಮಾಡುತ್ತೀರಿ ಎಂದು ಬರೆಸಿಕೊಳ್ಳಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100.

ಜಾಮೀನಿನ ಮಾತು ಈ ಸೀಮೆಯಲ್ಲಿ ಬಿಡುವಂಥದ್ದಲ್ಲ. ಭಾವನಿಗೋ ಪಕ್ಕದ ಮನೆಯವರಿಗೋ ಜಾಮೀನು ಬೀಳುವುದು ಇಲ್ಲಿ ಮನುಷ್ಯತ್ವದ ಪ್ರಶ್ನೆ. ಆದರೆ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಆತ ಕಂತು ತಪ್ಪಿದರೆ ಅದು ಜಾಮೀನುದಾರನ ವರದಿಯಲ್ಲೂ ಕಾಣಿಸಿಕೊಳ್ಳಬಹುದು. ತನ್ನದೊಂದೂ ಸಾಲ ತಪ್ಪದವರು ಕೂಡ ಹೀಗೆ ಸಿಕ್ಕಿಬೀಳುತ್ತಾರೆ.

ಅರ್ಜಿಯ ಜೊತೆ ಏನು ಕೊಡುತ್ತೀರಿ ಎಂಬುದೂ ಮುಖ್ಯ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ಬಹಳಷ್ಟು ಬೆಳೆಗಾರರಲ್ಲಿ ರಿಟರ್ನ್ಸ್ ಇರುವುದಿಲ್ಲ. 1923ರಲ್ಲಿ ಹುಟ್ಟಿದ ಶಿರಸಿಯ ಟಿಎಸ್‌ಎಸ್‌ನಂಥ ಮಾರಾಟ ಸಂಘದ ಮಹಸೂಲು ವಿಕ್ರಿ ಪಟ್ಟಿ ಮೂರು ವರ್ಷದ್ದಿದ್ದರೆ ಆದಾಯಕ್ಕೆ ಅದೇ ಗಟ್ಟಿ ಸಾಕ್ಷಿ. ಎಲ್ಲ ಸಹಕಾರಿ ಸಂಘಗಳ ವ್ಯವಹಾರ ಸಿಬಿಲ್‌ಗೆ ಹೋಗುವುದಿಲ್ಲ. ಬೆಳೆ ಸಾಲ ಸರಿಯಾಗಿ ಕಟ್ಟಿದ್ದಕ್ಕೆ ಸಂಘದಿಂದ ಪತ್ರ ತರಬೇಕು. ಕಂತು ಏಕೆ ತಪ್ಪಿತು, ಯಾವಾಗ ತೀರಿತು ಎಂದು ಒಂದು ಪುಟ ಬರೆದು, ಆಸ್ಪತ್ರೆಯ ಬಿಲ್ಲೋ ಬೆಳೆ ನಷ್ಟದ ದಾಖಲೆಯೋ ಇದ್ದರೆ ಜೋಡಿಸಬೇಕು. ಕೆಲವು ಬ್ಯಾಂಕುಗಳು ಕೃಷಿಕರಿಗೆ ಅರ್ಧವಾರ್ಷಿಕ ಕಂತು ಕೊಡುತ್ತವೆ, ಕೇಳಬೇಕು. 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ. 90ರವರೆಗೆ ಕೊಡಲು ಅವಕಾಶವಿದ್ದರೂ, ಹಳೆಯ ಸುಸ್ತಿ ಇದ್ದವರು ಶೇ. 60–70 ಕೇಳಿ, ಸಂಬಳವಿರುವ ಹೆಂಡತಿಯನ್ನೋ ಮಗಳನ್ನೋ ಸಹ-ಅರ್ಜಿದಾರರನ್ನಾಗಿ ಸೇರಿಸಿಕೊಂಡರೆ ದಾರಿ ಸಲೀಸು.

ಕೊನೆಗೆ ಜಾಗ. ಪಹಣಿಯ 11ನೇ ಕಾಲಮಿನಲ್ಲಿ ತೀರಿದ ಸಾಲದ ಬೋಜಾ ಹಾಗೇ ಉಳಿದಿದ್ದರೆ ಮೊದಲು ತೆಗೆಸಬೇಕು. ಸೊಪ್ಪಿನ ಬೆಟ್ಟದಲ್ಲಿ ಬೆಳೆಗಾರನಿಗಿರುವುದು ಸೊಪ್ಪು, ದರಕು ತರುವ ಸೌಲಭ್ಯ ಮಾತ್ರ. ಅದನ್ನು ಅಡ ಇಡಲಾಗದು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಹಕ್ಕುಪತ್ರ ಮಕ್ಕಳಿಗೆ ಬರುತ್ತದೆ, ಆದರೆ ಪರಭಾರೆಗೆ ಅವಕಾಶವಿಲ್ಲ. ಅಂಥ ಜಾಗದಲ್ಲಿ ಮನೆ ಕಟ್ಟುವವರಿಗೆ 800 ಅಂಕವಿದ್ದರೂ ಅಡಮಾನ ಸಾಲ ಸಿಗುವುದು ಕಷ್ಟ. ಅವರು ಸಿಬಿಲ್ ಸರಿಪಡಿಸಲು ಓಡಾಡುವ ಬದಲು ಗ್ರಾಮ ಪಂಚಾಯಿತಿಗೆ ಹೋಗಿ ವಸತಿ ಯೋಜನೆಯಲ್ಲಿ ತಮ್ಮ ಹೆಸರು ಸೇರಲು ಸಾಧ್ಯವೇ ಎಂದು ವಿಚಾರಿಸಬೇಕು.