ಸೋಂಕು ಯಾವ ದಾರಿಯಿಂದ ಬರುತ್ತದೆ?

ಶಿಕಾರಿಪುರದ ಬಳಿ ಕುಮುದ್ವತಿ ನದಿಗೆ ಅಡ್ಡಲಾಗಿ ಕಟ್ಟಿರುವ ಅಂಜನಾಪುರದ ಜಲಾಶಯವನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಅದರ ನಾಲೆಗಳ ಕೆಳಗೆ ಗದ್ದೆಗಳು. ಅಲ್ಲಿಂದ ಪಶ್ಚಿಮಕ್ಕೆ, ಸೊರಬದ ಕಡೆಗೆ ಸಾಗಿದಂತೆಲ್ಲ ಗದ್ದೆತೋಟಗಳ ನಡುವೆ ಕಾಡು. ಈ ಸೀಮೆಯಲ್ಲಿ ಮೈಗೆ ಒಂದು ಗೀರೂ ಆಗದಂತೆ ದಿನ ಕಳೆಯುವವರು ವಿರಳ. ಬೇಲಿಯ ಮುಳ್ಳು, ಕುಡುಗೋಲಿನ ಅಂಚು, ಸೌದೆಯ ಸಿಬಿರು, ಏನೂ ಇಲ್ಲದಿದ್ದರೆ ಭತ್ತದ ಎಲೆಯ ಅಲಗಾದರೂ ಸಾಕು. ಗೀರು ಎರಡು ದಿನಗಳಲ್ಲಿ ಮಾಯುತ್ತದೆ. ಆದರೆ ಅದರ ಜೊತೆಗೆ ಹುಟ್ಟಿದ ಸಂದೇಹ ಅಷ್ಟು ಬೇಗ ಮಾಯುವುದಿಲ್ಲ. ಇದರಿಂದ ಏನಾದರೂ ಅಂಟಿಕೊಂಡೀತೆ? ಜ್ವರದವರ ಹಾಸಿಗೆಯ ಬಳಿ ಕುಳಿತಿದ್ದೆವಲ್ಲ, ಅವರ ಲೋಟದಲ್ಲಿ ನೀರು ಕುಡಿದೆವಲ್ಲ, ಕ್ಷೌರದಂಗಡಿಯಲ್ಲಿ ಕತ್ತಿ ಸ್ವಲ್ಪ ತಾಕಿತಲ್ಲ ಎಂಬ ಚಿಂತೆಗಳೂ ಇದೇ ಜಾತಿಯವು. ವಿದ್ಯಾರ್ಥಿಗಳು ಭೌತಶಾಸ್ತ್ರದ ಅಧ್ಯಾಪಕರನ್ನೂ ಈ ಪ್ರಶ್ನೆಗಳಿಂದ ಬಿಡುವುದಿಲ್ಲ. ವೈದ್ಯರನ್ನು ಕೇಳಲು ಸಂಕೋಚವೆಂದು ತೋರುತ್ತದೆ.

ಹೆದರುವುದು ತಪ್ಪಲ್ಲ. ಆದರೆ ನಾವು ಸಾಮಾನ್ಯವಾಗಿ ಹೆದರಿಕೆಯನ್ನು ಅಳೆಯುವ ಕೋಲುಗಳು ಎರಡೇ: ಗಾಯ ಎಷ್ಟು ದೊಡ್ಡದು, ರೋಗಿ ಎಷ್ಟು ಹತ್ತಿರ. ಈ ಎರಡು ಅಳತೆಗಳೂ ಬಹುಮಟ್ಟಿಗೆ ನಿರುಪಯುಕ್ತ. ಸೋಂಕು ತಗಲಬೇಕಾದರೆ ರೋಗಾಣು ಜೀವಂತವಾಗಿರಬೇಕು, ಸಾಕಷ್ಟು ಸಂಖ್ಯೆಯಲ್ಲಿರಬೇಕು, ತನಗೆ ಒಗ್ಗಿದ ದಾರಿಯಿಂದಲೇ ದೇಹವನ್ನು ಪ್ರವೇಶಿಸಬೇಕು. ಕೊನೆಯ ನಿಯಮವೇ ಮುಖ್ಯವಾದದ್ದು. ಪ್ರತಿಯೊಂದು ರೋಗಾಣುವಿಗೂ ಅದರದೇ ಆದ ದಾರಿಯುಂಟು. ಆ ದಾರಿ ತಿಳಿಯದೆ ಹಾಕಿದ ಬೇಲಿಯಿಂದ ಪ್ರಯೋಜನವಿಲ್ಲ.

ಮೊದಲು ನಮ್ಮ ಚರ್ಮವನ್ನು ನೋಡೋಣ. ಅದರ ಅತ್ಯಂತ ಹೊರಗಿನ ಪದರ ಸತ್ತ ಜೀವಕೋಶಗಳಿಂದಾದುದು. ಅಂಗೈ ಅಂಗಾಲುಗಳನ್ನು ಬಿಟ್ಟರೆ ಅದರ ದಪ್ಪ ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು, ಅಂದರೆ ತೀರ ತೆಳುವಾದ ಕಾಗದಕ್ಕಿಂತಲೂ ಕಡಿಮೆ. ಇಷ್ಟು ತೆಳುವಾದ ಹೊದಿಕೆ ಏನನ್ನು ತಡೆದೀತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ನಾವು ಇಲ್ಲಿ ಹೇಳಲಿರುವ ಒಂದು ವೈರಸ್ಸಿನ ವ್ಯಾಸ ಸುಮಾರು 50 ನ್ಯಾನೊಮೀಟರ್. ಒಂದು ಮಿಲಿಮೀಟರಿನಲ್ಲಿ ಅಂಥವನ್ನು ಇಪ್ಪತ್ತು ಸಾವಿರ ಸಾಲಾಗಿ ಜೋಡಿಸಬಹುದು. ಈ ವೈರಸ್ಸನ್ನು ಒಂದು ರಾಗಿಕಾಳಿನಷ್ಟು ಹಿಗ್ಗಿಸಿ, ಉಳಿದುದನ್ನೂ ಅದೇ ಪ್ರಮಾಣದಲ್ಲಿ ಹಿಗ್ಗಿಸಿದೆವೆಂದು ಭಾವಿಸೋಣ. ಆಗ ಆ ತೆಳುವಾದ ಸತ್ತ ಪದರ ಎರಡಡಿ ದಪ್ಪದ ಮಣ್ಣಿನ ಗೋಡೆಯಾಗುತ್ತದೆ. ಗೋಡೆಗೆ ತಗುಲಿದ ರಾಗಿಕಾಳು ತಾನಾಗಿ ಒಳಗೆ ಹೋಗುವುದಿಲ್ಲ. ಮೇಲಾಗಿ ವೈರಸ್ಸಿಗೆ ಕೈಕಾಲುಗಳಿಲ್ಲ. ಅದು ನಡೆಯಲಾರದು, ಕೊರೆಯಲಾರದು. ಗೋಡೆಯನ್ನು ಬೇರೆ ಯಾರಾದರೂ ಕೊರೆದು ಒಳಗೆ ಬಿಡಬೇಕು.

ಕೊರೆದು ಬಿಡುವವರು ಯಾರು ಎಂಬುದಕ್ಕೆ ಅತ್ಯುತ್ತಮವಾದ ಉದಾಹರಣೆ ಸೊರಬ ತಾಲ್ಲೂಕಿನಲ್ಲೇ ಇದೆ. 1957ರ ಮಾರ್ಚ್ ತಿಂಗಳಲ್ಲಿ ಆಗಿನ ಮೈಸೂರು ರಾಜ್ಯದ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದರಂತೆ ಸತ್ತು ಬೀಳುತ್ತಿರುವುದು ಗಮನಕ್ಕೆ ಬಂದಿತು. ಕರಿಮೋರೆಯ ಮುಸುವಗಳೂ ಕೆಂಪುಮೋರೆಯ ಕೋತಿಗಳೂ ಸಾಯುತ್ತಿದ್ದುವು. ಸುತ್ತಲಿನ ಹಳ್ಳಿಗಳಲ್ಲಿ, ಕಾಡಿಗೆ ಹೋಗಿಬರುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಜ್ವರ, ಸಿಡಿಯುವ ತಲೆನೋವು, ಸೊಂಟ ಕಾಲುಗಳಲ್ಲಿ ತಡೆಯಲಾರದ ನೋವು. ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ಮುಟ್ಟಿತು. 1952ರಲ್ಲಿ ಸ್ಥಾಪಿತವಾದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ.

ತಜ್ಞರ ಮೊದಲ ಶಂಕೆ ಭಯಂಕರವಾಗಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಕೊಲ್ಲುವ ರೋಗವೊಂದಿದೆ. ಅದು ಹಳದಿ ಜ್ವರ. ಅದನ್ನು ಹರಡುವ ಸೊಳ್ಳೆ ಭಾರತದ ಊರೂರಿನಲ್ಲಿಯೂ ಇದ್ದರೂ ಆ ಜ್ವರ ಮಾತ್ರ ಎಂದೂ ಇಲ್ಲಿಗೆ ಬಂದಿರಲಿಲ್ಲ. ಬಂದುದೇ ನಿಜವಾದರೆ ದೇಶದ ಗತಿಯೇನು? ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳೂ ಅವರ ಭಾರತೀಯ ಸಹೋದ್ಯೋಗಿಗಳೂ ಕಾಡಿಗೇ ಬಂದು ಪರಿಶೀಲಿಸಿದರು. ವೈರಸ್ ಸಿಕ್ಕಿತು, ಅದು ಹಳದಿ ಜ್ವರದ್ದಲ್ಲ. ರಷ್ಯದ ಕಾಡುಗಳಲ್ಲಿ ಮಿದುಳಿನ ಉರಿಯೂತವನ್ನುಂಟುಮಾಡುವ ವೈರಸ್ಸಿನ ದಾಯಾದಿ ಅದಾಗಿತ್ತು. ಹರಡುವುದು ಸೊಳ್ಳೆಯೂ ಅಲ್ಲ, ಉಣುಗು. ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರ ಎಂಬ ಜಾತಿಯ ಉಣುಗು. ರೋಗಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಾಯಿತು. ಜನ ಅದನ್ನು ಮಂಗನ ಕಾಯಿಲೆ ಎಂದು ಕರೆದರು.

ಈ ಜನಪ್ರಿಯ ಹೆಸರಿನಿಂದ ಒಂದು ಅನ್ಯಾಯವಾಗಿದೆ ಎಂದು ನಮಗೆ ತೋರುತ್ತದೆ. ಮಂಗ ರೋಗವನ್ನು ತರುವ ಖಳನಲ್ಲ. ನಮಗಿಂತಲೂ ಹೆಚ್ಚಾಗಿ ಸಾಯುವ ಬಲಿಪಶು. ವೈರಸ್ ಕಾಡಿನ ಇಲಿ, ಮೂಗಿಲಿ, ಅಳಿಲುಗಳ ನಡುವೆ ಉಣುಗುಗಳ ಮೂಲಕ ಸುತ್ತುತ್ತಿರುತ್ತದೆ. ಮಂಗಕ್ಕೆ ಅದು ತಗಲಿದಾಗ ರಕ್ತದಲ್ಲಿ ವಿಪರೀತವಾಗಿ ಹೆಚ್ಚುತ್ತದೆ. ಮಂಗ ಸತ್ತು ನೆಲಕ್ಕೆ ಬಿದ್ದಾಗ ಅದರ ಮೈಮೇಲಿನ ಉಣುಗುಗಳು ತಣ್ಣಗಾಗುವ ಶವವನ್ನು ಬಿಟ್ಟು ಸುತ್ತಲಿನ ತರಗೆಲೆಗಳಲ್ಲಿ ಹರಡಿಕೊಳ್ಳುತ್ತವೆ. ಸತ್ತ ಮಂಗದ ಹತ್ತಿರ ಹೋಗಬಾರದೆಂಬ ಎಚ್ಚರಿಕೆಗೆ ಇದು ಕಾರಣ. ಅಲ್ಲಿ ಗಾಳಿ ಕೆಟ್ಟಿರುವುದರಿಂದಲ್ಲ, ಹಸಿದ ಉಣುಗುಗಳು ಕಾದಿರುವುದರಿಂದ. ಇದನ್ನು ಗ್ರಾಮ ಪಂಚಾಯಿತಿಗೋ ಆರೋಗ್ಯ ಇಲಾಖೆಗೋ ತಿಳಿಸಿದರೆ ಅವರು ಶವವನ್ನು ವಿಲೇವಾರಿ ಮಾಡಿ, ನೆಲಕ್ಕೆ ಕೀಟನಾಶಕದ ಪುಡಿ ಹಾಕಿಸುತ್ತಾರೆ.

ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಬೆಳೆದ ಉಣುಗಲ್ಲ, ಅದರ ಮರಿ. ಗಾತ್ರ ಸುಮಾರು ಒಂದು ಮಿಲಿಮೀಟರ್, ಒಂದು ಎಳ್ಳುಕಾಳಿಗಿಂತಲೂ ಚಿಕ್ಕದು. ನಮ್ಮ ಹಿಗ್ಗಿಸಿದ ಲೆಕ್ಕದಲ್ಲಿ ಇದು ಮೂವತ್ತು ಮೀಟರ್ ಉದ್ದದ, ತೆಂಗಿನಮರವನ್ನು ಮೀರಿಸುವ ಪ್ರಾಣಿ. ಅದರ ಕೊಕ್ಕಿಗೆ ಎರಡಡಿಯ ಗೋಡೆ ಯಾವ ಲೆಕ್ಕ! ಅದು ಕಚ್ಚುವಾಗ ನೋವೂ ಆಗುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆಯೂ ಕಚ್ಚಿದುದು ತಿಳಿಯದಂತೆಯೂ ಮಾಡುವ ವಸ್ತುಗಳಿವೆ, ಆ ಜೊಲ್ಲಿನೊಡನೆಯೇ ವೈರಸ್ ಒಳಗಿಳಿಯುತ್ತದೆ. ಹೀಗೆ, ಕಣ್ಣಿಗೆ ಬೀಳುವ ಉದ್ದನೆಯ ಗೀರಿನಿಂದ ಏನೂ ಆಗದೆ, ಕಣ್ಣಿಗೇ ಬೀಳದ ಒಂದು ಚುಚ್ಚಿನಿಂದ ಮನುಷ್ಯ ಹಾಸಿಗೆ ಹಿಡಿಯಬಹುದು. ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ರೋಗ ತಗಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ.

ಇನ್ನು ರೋಗಿಯ ವಿಷಯ. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡಿದ ಒಂದು ನಿದರ್ಶನವೂ ಇದುವರೆಗೆ ವರದಿಯಾಗಿಲ್ಲ. ರೋಗಿಯ ರಕ್ತದಲ್ಲಿ ವೈರಸ್ ಇರುವುದು ನಿಜ. ಆದರೆ ಅಲ್ಲಿಂದ ಹೊರಡಲು ಅದಕ್ಕೆ ದಾರಿಯಿಲ್ಲ. ಅವನು ಕೆಮ್ಮಿದರೆ ಬರುವುದಿಲ್ಲ, ಅವನ ತಟ್ಟೆಯಿಂದ ಬರುವುದಿಲ್ಲ, ಮೈ ಒರೆಸಿದರೆ ಬರುವುದಿಲ್ಲ. ವೈರಸ್ಸಿನ ಮಟ್ಟಿಗೆ ಮನುಷ್ಯ ಮುಂದಕ್ಕೆ ರಸ್ತೆಯಿಲ್ಲದ ಊರು. ಒಂದು ಅಪವಾದವನ್ನು ಮಾತ್ರ ಹೇಳಿಬಿಡಬೇಕು: ಪ್ರಯೋಗಾಲಯಗಳಲ್ಲಿ ಈ ವೈರಸ್ಸನ್ನು ದಟ್ಟವಾಗಿ ಬೆಳೆಸಿ ಕೆಲಸ ಮಾಡುತ್ತಿದ್ದವರಲ್ಲಿ ಅನೇಕರಿಗೆ ರೋಗ ತಗಲಿದೆ. ಅಲ್ಲಿ ಸಂಖ್ಯೆಯೂ ಬೇರೆ, ದಾರಿಯೂ ಬೇರೆ; ಮನೆಯ ಹಾಸಿಗೆಯ ಪಕ್ಕಕ್ಕೆ ಆ ಲೆಕ್ಕ ಸಲ್ಲದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಈ ರೋಗದ ವೈರಸ್ಸನ್ನು ಕೊಲ್ಲುವ ಖಚಿತವಾದ ಔಷಧಿ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯ ರಕ್ಷಣೆ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ರೋಗಿಯನ್ನು ಉಳಿಸುವುದು ಹೊತ್ತಿಗೆ ಸರಿಯಾದ ಆರೈಕೆ: ದೇಹದಲ್ಲಿ ನೀರು ಕಡಿಮೆಯಾಗದಂತೆ, ರಕ್ತಸ್ರಾವವಾದರೆ ಕೂಡಲೆ ಗಮನಕ್ಕೆ ಬರುವಂತೆ ನೋಡಿಕೊಳ್ಳುವುದು. ನೆರೆಯವರು ದೂರ ಸರಿದಾರೆಂದು ಮನೆಯವರು ಜ್ವರವನ್ನು ಮುಚ್ಚಿಟ್ಟರೆ ಕಳೆದುಹೋಗುವುದು ಆ ಹೊತ್ತೇ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಈ ಕಾಯಿಲೆ ಹಲವರನ್ನು ಬಲಿ ತೆಗೆದುಕೊಂಡಿತು. ಅರುವತ್ತು ವರ್ಷಗಳ ಪರಿಚಯವಿದ್ದರೂ ಈ ಶತ್ರು ನಮ್ಮನ್ನು ಬಿಟ್ಟುಹೋಗಿಲ್ಲ.

ಕಾಡಿನಿಂದ ಗದ್ದೆಗೆ ಬರೋಣ. ಅಂಜನಾಪುರದ ಕೆಳಗಿನಂಥ ನೀರಾವರಿ ಗದ್ದೆಗಳಲ್ಲಿ ಉಣುಗಿನ ಭಯ ಕಡಿಮೆ. ಇಲ್ಲಿ ಯೋಚಿಸಬೇಕಾದುದು ಇಲಿ ಜ್ವರ. ಇದನ್ನುಂಟುಮಾಡುವ ಲೆಪ್ಟೊಸ್ಪೈರ ಎಂಬ ಏಕಾಣು ವೈರಸ್ಸಿನಂತೆ ನಿಶ್ಚಲವಲ್ಲ. ನಮ್ಮ ರಾಗಿಕಾಳಿನ ಪ್ರಮಾಣದಲ್ಲಿ ಅದು ಒಂದಡಿ ಉದ್ದದ, ಮೂರು ಮಿಲಿಮೀಟರ್ ದಪ್ಪದ ಸುರುಳಿ ತಂತಿ. ತಿರುಪುಮೊಳೆಯಂತೆ ತಿರುಗುತ್ತ ನೀರಿನಲ್ಲಿ ಈಜುತ್ತದೆ. ಜರ್ಮನಿಯ ವೈಲ್ 1886ರಲ್ಲಿ ರೋಗವನ್ನು ವರ್ಣಿಸಿದನು. ಏಕಾಣುವನ್ನು ಕಂಡುಹಿಡಿದವರು ಜಪಾನಿನ ಇನಾಡ ಮತ್ತು ಇಡೊ, 1915ರಲ್ಲಿ. ಇಲಿ, ಹೆಗ್ಗಣ, ದನಕರುಗಳ ಮೂತ್ರದೊಡನೆ ಅದು ಗದ್ದೆಯ ನೀರನ್ನು ಸೇರುತ್ತದೆ. ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕಿರಬಲ್ಲದು, ಒಣಗಿದರೆ ಸಾಯುತ್ತದೆ. ಅದಕ್ಕೆ ಬೇಕಾದ ಬಾಗಿಲು ನಾವು ಗಾಯವೆಂದು ಗಣಿಸದ ಗಾಯಗಳೇ: ಹಿಮ್ಮಡಿಯ ಒಡಕು, ಬೆರಳಸಂದಿಯ ಕೆಸರುಹುಣ್ಣು, ನಾಟಿಯ ಕಾಲದಲ್ಲಿ ದಿನವಿಡೀ ನೀರಿನಲ್ಲಿ ನಿಂತು ಮೆದುವಾದ ಚರ್ಮ. ಜ್ವರದ ರೋಗಿಯ ಲೋಟವನ್ನು ಬೇರೆಯಿಡುವ ಮನೆಯಾತ ಒಡೆದ ಹಿಮ್ಮಡಿಯಲ್ಲಿ ಗದ್ದೆಗಿಳಿಯುವಾಗ ಒಂದು ಕ್ಷಣವೂ ಯೋಚಿಸುವುದಿಲ್ಲ. ಸಂತೋಷದ ಸಂಗತಿಯೆಂದರೆ, ಈ ರೋಗಕ್ಕೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥ ಸುಲಭ ಔಷಧಿಗಳಿವೆ. ಬೇಗ ಕೊಡಬೇಕು, ಅಷ್ಟೆ.

ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಧನುರ್ವಾಯು ಬರುವುದೆಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ತುಕ್ಕಿಗೂ ಆ ರೋಗಕ್ಕೂ ಸಂಬಂಧವಿಲ್ಲ. ಮೊಳೆಗೆ ಮೆತ್ತಿದ ಮಣ್ಣು ಸೆಗಣಿಗಳಲ್ಲಿರುವ ಬೀಜಕಗಳಿಗೆ ಸಂಬಂಧವಿದೆ. 1889ರಲ್ಲಿ ಕಿಟಾಸಾಟೊ ಈ ಏಕಾಣುವನ್ನು ಬೇರ್ಪಡಿಸಿ ಬೆಳೆಸಿದಾಗ, ಅದು ಆಮ್ಲಜನಕವಿಲ್ಲದೆಡೆಯಲ್ಲಿ ಮಾತ್ರ ಬೆಳೆಯುವುದು ಸ್ಪಷ್ಟವಾಯಿತು. ಇಲ್ಲಿ ನಮ್ಮ ಭೌತಶಾಸ್ತ್ರಕ್ಕೂ ಸ್ವಲ್ಪ ಕೆಲಸವಿದೆ. ವಿಸರಣದಿಂದ ಒಂದು ಅನಿಲ ಸಾಗಲು ಬೇಕಾದ ಕಾಲ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನೀರಿನಂಥ ಮಾಧ್ಯಮದಲ್ಲಿ ಆಮ್ಲಜನಕ ಒಂದು ಮಿಲಿಮೀಟರ್ ಸಾಗಲು ಸುಮಾರು ನಾಲ್ಕು ನಿಮಿಷ ಸಾಕು. ಒಂದು ಸೆಂಟಿಮೀಟರ್ ಸಾಗಲು ನೂರರಷ್ಟು, ಅಂದರೆ ಹತ್ತಿರ ಹತ್ತಿರ ಏಳು ಗಂಟೆ ಬೇಕು. ಅಷ್ಟರಲ್ಲಿ ದಾರಿಯ ಜೀವಕೋಶಗಳು ಅದನ್ನು ಬಳಸಿ ಮುಗಿಸಿರುತ್ತವೆ. ಆದ್ದರಿಂದ ರಕ್ತ ಸುರಿಸುವ ಅಗಲವಾದ ತರಚುಗಾಯಕ್ಕಿಂತ, ಆಳವಾಗಿ ಇಳಿದು ಮೇಲೆ ಮುಚ್ಚಿಕೊಂಡ ಸಣ್ಣ ತೂತೇ ಹೆಚ್ಚು ಅಪಾಯಕರ. ಗಾಯಕ್ಕೆ ಸೆಗಣಿ ಮೆತ್ತುವ ಹಳೆಯ ರೂಢಿ ಬೀಜಕಗಳನ್ನು ನಾವೇ ಕೈಯಾರೆ ಬಿತ್ತಿದಂತೆ. ಹಿಂದೆ ಎಷ್ಟೋ ಹಸುಗೂಸುಗಳು ಹೊಕ್ಕುಳಿಗೆ ತಗಲಿದ ಈ ರೋಗದಿಂದ ಸಾಯುತ್ತಿದ್ದುವು. ಗರ್ಭಿಣಿಯರಿಗೆ ಲಸಿಕೆ ಮತ್ತು ಶುದ್ಧವಾದ ಹೆರಿಗೆ, ಇವೆರಡರಿಂದ ಈ ಪಿಡುಗು ನಿವಾರಣೆಯ ಮಟ್ಟಕ್ಕೆ ಇಳಿದಿದೆಯೆಂದು 2015ರಲ್ಲಿ ಭಾರತದ ವಿಷಯದಲ್ಲಿ ಘೋಷಿಸಲಾಯಿತು.

ಹಾಗಾದರೆ ಹತ್ತಿರ ಕುಳಿತರೆ, ಮುಟ್ಟಿದರೆ ಏನೂ ಬರುವುದಿಲ್ಲವೆ? ಬರುತ್ತದೆ, ದಡಾರಕ್ಕೆ ಗಾಯವೇ ಬೇಡ, ಒಂದೇ ಕೋಣೆಯ ಗಾಳಿ ಸಾಕು. ಕ್ಷಯವೂ ಗಾಳಿಯಿಂದಲೇ. ಕ್ಷಯರೋಗಿಯ ತಟ್ಟೆ ಲೋಟಗಳನ್ನು ಬೇರೆಯಿಟ್ಟು, ಚಳಿಯೆಂದು ಕೋಣೆಯ ಕಿಟಕಿಯನ್ನು ಮುಚ್ಚುವ ಮನೆಗಳಿವೆ. ಮಾಡಬೇಕಾದುದು ಇದಕ್ಕೆ ತದ್ವಿರುದ್ಧ. ಕಜ್ಜಿ ಮೈಸೋಕಿನಿಂದ ಬರುತ್ತದೆ. ಏಡ್ಸ್ ರೋಗದ ವೈರಸ್ ಕೈಕುಲುಕಿದರೆ, ಒಟ್ಟಿಗೆ ಉಂಡರೆ ಬರುವುದಿಲ್ಲ. ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದಾಗಲೂ ಸಾವಿರಕ್ಕೆ ಸುಮಾರು ಮೂರು ಸಲ ಮಾತ್ರ ತಗಲುತ್ತದೆ. ಅದೇ ಸೂಜಿಯಲ್ಲಿ ಹೆಪಟೈಟಿಸ್ ಬಿ ವೈರಸ್ ಇದ್ದು, ಚುಚ್ಚಿಸಿಕೊಂಡವರು ಲಸಿಕೆ ಪಡೆಯದಿದ್ದರೆ, ನೂರಕ್ಕೆ ಆರರಿಂದ ಮೂವತ್ತು ಸಲ ತಗಲಬಹುದು. ಒಣಗಿದ ರಕ್ತದಲ್ಲಿಯೂ ಅದು ಏಳು ದಿನ ಬದುಕಿರಬಲ್ಲದು. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡನ್ನು ಕೇಳಿ ಹಾಕಿಸಿಕೊಳ್ಳುವುದು ಸಂಕೋಚಪಡುವ ವಿಷಯವಲ್ಲ. ನಾಯಿ ನೆಕ್ಕಿದ್ದು ಹರಿದಿಲ್ಲದ ಚರ್ಮವಾದರೆ ಭಯವಿಲ್ಲ. ಗೀರಿದ ಚರ್ಮವಾದರೆ, ರಕ್ತ ಬಾರದಿದ್ದರೂ, ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಸೋಪು ಬರಿಯ ಕೊಳೆ ತೆಗೆಯುವುದಿಲ್ಲ: ಹುಚ್ಚುನಾಯಿ ರೋಗದ ವೈರಸ್ಸಿಗೆ ಕೊಬ್ಬಿನಂಥ ಹೊದಿಕೆಯೊಂದಿದ್ದು, ಸೋಪಿನ ಅಣುಗಳು ಅದನ್ನು ಒಡೆದುಹಾಕುತ್ತವೆ.

ಮಳೆಗಾಲ ಮುಗಿದು ಕಾಡಿನ ನೆಲ ಒಣಗಿದ ಮೇಲೆ, ನವೆಂಬರಿನಿಂದ ಮೇ ತಿಂಗಳವರೆಗೆ, ಉಣುಗಿನ ಮರಿಗಳ ಕಾಲ. ದರಗು, ಸೌದೆ ತರಲು ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣುಗು ನಿವಾರಕ ಎಣ್ಣೆಯನ್ನು ತೆರೆದ ಕೈಕಾಲುಗಳಿಗೆ ಸವರಿಕೊಳ್ಳಬೇಕು. ಹಿಂದಿರುಗಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೀಯಬೇಕು. ಕಂಕುಳು, ತೊಡೆಯ ಸಂದಿ, ಕಿವಿಯ ಹಿಂಭಾಗಗಳನ್ನು ನೋಡಿಕೊಳ್ಳಬೇಕು. ಉಣುಗು ಕಚ್ಚಿಕೊಂಡಿದ್ದರೆ ಬೀಡಿಯಿಂದ ಸುಡುವುದಾಗಲಿ ಸೀಮೆಎಣ್ಣೆ ಹಾಕುವುದಾಗಲಿ ಸಲ್ಲದು. ಚರ್ಮಕ್ಕೆ ಹತ್ತಿರವಾಗಿ ಚಿಮುಟದಿಂದ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಬೇಕು. ಆಮೇಲೆ ಜ್ವರ ಬಂದರೆ ವೈದ್ಯರಿಗೆ ಜ್ವರವೆಂದಷ್ಟೇ ಹೇಳಿ ಸುಮ್ಮನಾಗಬಾರದು. ಮಂಗನ ಕಾಯಿಲೆ, ಇಲಿ ಜ್ವರ, ಡೆಂಗೆ ಇವೆಲ್ಲವೂ ಮೊದಲ ಎರಡು ದಿನ ಒಂದೇ ಬಗೆಯಾಗಿ ಕಾಣುತ್ತವೆ. ಹತ್ತು ದಿನಗಳ ಹಿಂದೆ ಕಾಡಿಗೆ ಹೋಗಿದ್ದೆವೋ ಗದ್ದೆಗೆ ಇಳಿದಿದ್ದೆವೋ, ಹತ್ತಿರದಲ್ಲಿ ಮಂಗ ಸತ್ತಿತ್ತೋ ಎಂಬುದನ್ನು ನಾವಾಗಿಯೇ ತಿಳಿಸಿದರೆ ಯಾವ ರಕ್ತಪರೀಕ್ಷೆ ಮಾಡಿಸಬೇಕೆಂಬುದು ಅವರಿಗೆ ಆಗಲೇ ಹೊಳೆಯುತ್ತದೆ.