ಕೆರೆಗೆ ಬೇಲಿ, ಮಳೆಗೆ ಮೊದಲೇ

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಕೆರೆಯೋ ಮದಕವೋ ನೀರಿನ ಟಾಂಕಿಯೋ ಇಲ್ಲದ ಮನೆ ಅಪರೂಪ. ನಡೆಯಲು ಕಲಿತ ಮಗು ಇರುವ ಮನೆಯವರು ಮಳೆಗಾಲಕ್ಕೆ ಮೊದಲೇ ಅದಕ್ಕೆ ಬೇಲಿ ಹಾಕಿಸಿಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ನೀರಿನಲ್ಲಿ ಮುಳುಗಿ ಸಾಯುವ ಪ್ರಮಾಣ ಅತಿ ಹೆಚ್ಚಿರುವುದು 1ರಿಂದ 4 ವರ್ಷದ ಮಕ್ಕಳಲ್ಲಿ. ಆ ಪ್ರಾಯದಲ್ಲಿ ಮೈಯ ಅಳತೆಗೆ ಹೋಲಿಸಿದರೆ ತಲೆಯ ಭಾರ ಜಾಸ್ತಿ. ಬಗ್ಗಿ ನೋಡಿದ ಮಗು ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೂ ತಾನಾಗಿ ಏಳಲಾರದು. ಮುಳುಗುವಾಗ ಕೂಗಲೂ ಆಗುವುದಿಲ್ಲ, ಬಾಯಿ ನೀರೊಳಗೇ ಇರುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡವಂತೂ ಇನ್ನೂ ಅಪಾಯ: ಪಾಚಿ ಹಿಡಿದ ಅದರ ಬದಿಯಲ್ಲಿ ದೊಡ್ಡವರ ಕಾಲೇ ನಿಲ್ಲುವುದಿಲ್ಲ.

ನಾವೆಲ್ಲ ಇದೇ ಕೆರೆದಂಡೆಯಲ್ಲಿ ಬೆಳೆದವರಲ್ಲವೇ ಎನ್ನುವವರಿದ್ದಾರೆ. ಹೌದು, ಆಗ ಮನೆ ತುಂಬ ಜನರಿದ್ದರು. ಈಗ ಒಬ್ಬರು ರಬ್ಬರ್ ಟ್ಯಾಪಿಂಗಿಗೆ, ಇನ್ನೊಬ್ಬರು ಹಟ್ಟಿಗೆ ಹೋದರೆ ಮಗುವಿನ ಹಿಂದೆ ಓಡಲು ಉಳಿಯುವವರು ಅಜ್ಜಿ ಮಾತ್ರ. ಕಣ್ಣಿಟ್ಟರೆ ಸಾಲದೇ? ಸಾಲದು. ಹಾಲು ಉಕ್ಕುತ್ತದೆ, ಫೋನು ಬರುತ್ತದೆ. ಬೇಲಿ ಬೇಕಿರುವುದು ಆ ಎರಡು ನಿಮಿಷಕ್ಕೇ. ಖರ್ಚಿನ ಚಿಂತೆಯೂ ದೊಡ್ಡದಲ್ಲ, ತೋಟದಲ್ಲೇ ಸಿಗುವ ಅಡಿಕೆ ಸಲಕೆ ಸಾಕು. ನಾಲ್ಕೂ ಸುತ್ತ ಒತ್ತೊತ್ತಾಗಿ ನೆಡಿ, ಅಡ್ಡಪಟ್ಟಿ ಒಳಬದಿಗಿರಲಿ, ಇಲ್ಲದಿದ್ದರೆ ಮಗು ಹತ್ತಿಬಿಡುತ್ತದೆ. ಬಾಗಿಲಿನ ಚಿಲಕ ಅದರ ಕೈಗೆಟುಕದಷ್ಟು ಮೇಲಿರಲಿ.