ಕಡಿಮೆ ಮಾಡಿದ ಮಾತ್ರಕ್ಕೆ ಬೆಲೆ ಬರುತ್ತದೆಯೇ? ಸ್ಪೋರ್ಟ್ಸ್ ಕಾರುಗಳಿಂದ ಒಂದು ಅರ್ಥಶಾಸ್ತ್ರ ಪಾಠ

ಸೂಕ್ಷ್ಮ ಅರ್ಥಶಾಸ್ತ್ರದಲ್ಲಿ ಬೇಡಿಕೆ ಮತ್ತು ಪೂರೈಕೆಯ ಪಾಠಕ್ಕೆ ಸಿಗುವ ಉದಾಹರಣೆಗಳು ಹೆಚ್ಚಾಗಿ ಗೋಧಿ, ಅಕ್ಕಿ, ಚಹಾ, ಕಾಫಿ. ಇವುಗಳ ಬೆಲೆ ಏರಿದರೆ ರೈತ ಮುಂದಿನ ಸಲ ಹೆಚ್ಚು ಬೆಳೆಯಬಹುದು, ವ್ಯಾಪಾರಿ ಹೆಚ್ಚು ತರಿಸಬಹುದು. ಆದರೆ "ಇಷ್ಟೇ ಮಾಡುತ್ತೇವೆ, ಇದರ ಮೇಲೆ ಒಂದೂ ಇಲ್ಲ" ಎಂದು ತಯಾರಕರೇ ಮೊದಲು ಹೇಳಿಬಿಡುವ ಸರಕುಗಳೂ ಇವೆ. ವಿಶೇಷ ಆವೃತ್ತಿಯ ಸ್ಪೋರ್ಟ್ಸ್ ಕಾರುಗಳು ಅಂಥವು. ಎಷ್ಟು ಮಾಡಿದರು, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ಎಂಬ ಲೆಕ್ಕ ಬಹಿರಂಗವಾಗಿ ಸಿಗುವುದರಿಂದ ನಮ್ಮ ಪಾಠವನ್ನು ಪರೀಕ್ಷಿಸಲು ಇದು ಒಳ್ಳೆಯ ಜಾಗ.

"ಕಡಿಮೆ ಇದ್ದರೆ ದುಬಾರಿ" ಎಂದು ಎಲ್ಲರೂ ಹೇಳುತ್ತಾರೆ. ಅದು ಎಷ್ಟರಮಟ್ಟಿಗೆ ನಿಜ ಎಂದು ನೋಡೋಣ.

ಪೂರೈಕೆ ರೇಖೆ ನೇರ ನಿಂತಾಗ

ಇಟಲಿಯ ಫೆರಾರಿ ಕಂಪನಿ 1962ರಿಂದ 1964ರವರೆಗೆ 250 ಜಿಟಿಒ ಎಂಬ ಕಾರನ್ನು ತಯಾರಿಸಿತು. ಒಟ್ಟು 36 ಕಾರುಗಳು. ಅದು ರೇಸಿಗೆ ಮಾಡಿದ ಕಾರು. ಆ ವರ್ಗದ ರೇಸಿನಲ್ಲಿ ಓಡಬೇಕಾದರೆ ಕನಿಷ್ಠ 100 ಕಾರುಗಳನ್ನು ತಯಾರಿಸಿರಬೇಕು ಎಂಬುದು ನಿಯಮ. ಇದು ತಮ್ಮ ಹಳೆಯ 250 ಜಿಟಿ ಕಾರಿನದೇ ಸುಧಾರಿತ ರೂಪ ಎಂದು ವಾದಿಸಿ ಫೆರಾರಿ ಅನುಮತಿ ಪಡೆಯಿತು. ಹೊಸದಿದ್ದಾಗ ಅಮೆರಿಕದಲ್ಲಿ ಇದರ ಬೆಲೆ ಸುಮಾರು 18,000 ಡಾಲರ್. 2018ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಹರಾಜಿನಲ್ಲಿ ಅಂಥ ಒಂದು ಕಾರು 4 ಕೋಟಿ 84 ಲಕ್ಷ ಡಾಲರ್‌ಗೆ ಮಾರಾಟವಾಯಿತು.

ಇಲ್ಲಿ ಪೂರೈಕೆ ಪರಿಪೂರ್ಣ ಅಸ್ಥಿತಿಸ್ಥಾಪಕ. ಬೆಲೆ ಎಷ್ಟೇ ಏರಿದರೂ ಮೂವತ್ತೇಳನೆಯ ಕಾರು ಬರುವುದಿಲ್ಲ. ಪೂರೈಕೆ ರೇಖೆ ಲಂಬವಾಗಿ ನಿಂತಿದೆ, ಬೇಡಿಕೆ ರೇಖೆ ಬಲಕ್ಕೆ ಸರಿದಷ್ಟೂ ಪೂರ್ತಿ ಪರಿಣಾಮ ಬೆಲೆಯ ಮೇಲೆಯೇ ಬೀಳುತ್ತದೆ. ಇಲ್ಲಿಯವರೆಗೆ ಪಾಠ ಸರಿಹೋಯಿತು.

ಕಡಿಮೆ ಇದ್ದೂ ಬೆಲೆ ಬಾರದ ಕಾರು

ಈಗ ಎರಡು ಕಾರುಗಳನ್ನು ಪಕ್ಕಪಕ್ಕ ಇಡೋಣ. ಫೆರಾರಿ ತನ್ನ ನಲವತ್ತನೇ ವರ್ಷದ ನೆನಪಿಗೆ 1987ರಲ್ಲಿ ಎಫ್40 ತಂದಿತು. ಮೊದಲ ಯೋಜನೆ ಸುಮಾರು 400 ಕಾರುಗಳು. ಬೇಡಿಕೆ ನೋಡಿ ಮಾಡುತ್ತಲೇ ಹೋದರು, 1992ರ ಹೊತ್ತಿಗೆ ಸಂಖ್ಯೆ 1,311 ಆಯಿತು. ಇನ್ನೊಂದು ಬ್ರಿಟನ್ನಿನ ಜಾಗ್ವಾರ್ ಎಕ್ಸ್‌ಜೆ220. ಇದನ್ನು 350 ಮಾಡುವ ಯೋಜನೆಯಿತ್ತು, ಕೊನೆಗೆ ತಯಾರಾದದ್ದು 280ರ ಆಸುಪಾಸು.

ಸಂಖ್ಯೆಯೊಂದೇ ಬೆಲೆ ನಿರ್ಧರಿಸುವುದಾದರೆ ಜಾಗ್ವಾರ್ ಹೆಚ್ಚು ದುಬಾರಿಯಾಗಬೇಕಿತ್ತು. ಆದರೆ ಇಂದಿಗೂ ಎಫ್40 ಅದರ ಹಲವು ಪಟ್ಟು ಬೆಲೆಗೆ ಹೋಗುತ್ತದೆ. ಯಾಕೆ?

ಎಕ್ಸ್‌ಜೆ220 ಕಾರನ್ನು 1988ರಲ್ಲಿ ಬರ್ಮಿಂಗ್‌ಹ್ಯಾಮ್ ವಾಹನ ಪ್ರದರ್ಶನದಲ್ಲಿ ತೋರಿಸಿದಾಗ ಅದಕ್ಕೆ ವಿ12 ಎಂಜಿನ್ ಇತ್ತು. ಆಗ ಬ್ರಿಟನ್ನಿನಲ್ಲಿ ಹಣ ಓಡಾಡುತ್ತಿದ್ದ ಕಾಲ. ಸಾವಿರಕ್ಕೂ ಹೆಚ್ಚು ಜನ ತಲಾ 50,000 ಪೌಂಡ್ ಮುಂಗಡ ಕಟ್ಟಲು ಮುಂದೆ ಬಂದರು. ಕಾರು ಬಂದ ಮೇಲೆ ಹೆಚ್ಚಿನ ಬೆಲೆಗೆ ಮಾರಬಹುದು ಎಂಬ ಲೆಕ್ಕ ಹಾಕಿದವರೂ ಅವರಲ್ಲಿದ್ದರು. 1992ರಲ್ಲಿ ಕಾರು ಕೈಗೆ ಬರುವಷ್ಟರಲ್ಲಿ ಎಂಜಿನ್ ವಿ6 ಆಗಿತ್ತು. ಒಪ್ಪಂದದಲ್ಲಿ ಬೆಲೆಯನ್ನು ಹಣದುಬ್ಬರಕ್ಕೆ ಜೋಡಿಸಿದ್ದರಿಂದ ಅದು ಸುಮಾರು 4 ಲಕ್ಷ 70 ಸಾವಿರ ಪೌಂಡ್‌ಗೆ ಏರಿತ್ತು. ಅಷ್ಟರಲ್ಲಿ ಆರ್ಥಿಕ ಹಿಂಜರಿತವೂ ಬಂದಿತ್ತು. ಅನೇಕರು ಒಪ್ಪಂದದಿಂದ ಹೊರಬರಲು ನೋಡಿದರು, ಜಗಳ ನ್ಯಾಯಾಲಯಕ್ಕೂ ಹೋಯಿತು. ತಯಾರಿಕೆ ನಿಂತು ವರ್ಷಗಳಾದರೂ ಕೆಲವು ಹೊಸ ಕಾರುಗಳು ಮಾರಾಟವಾಗದೆ ಉಳಿದು, ಆಮೇಲೆ ಇಳಿದ ಬೆಲೆಗೆ ಹೋದವು.

ಇದು ಅಪರೂಪದ ಕಾರು, ನಿಜ. ಆದರೆ ಅಪರೂಪವಾದದ್ದು ಕೊಳ್ಳುವವರು ಕಡಿಮೆಯಾಗಿದ್ದರಿಂದ. ಅರ್ಥಶಾಸ್ತ್ರದಲ್ಲಿ 'ಕೊರತೆ' ಎಂಬ ಪದಕ್ಕೆ ನಿರ್ದಿಷ್ಟ ಅರ್ಥವಿದೆ: ಬೇಕಾದವರಿಗೆ ಹೋಲಿಸಿದರೆ ಸರಕು ಸಾಲದಿರುವುದು. ಕೊಳೆತ ಮೊಟ್ಟೆ ಅಂಗಡಿಯಲ್ಲಿ ಒಂದೇ ಇರಬಹುದು, ಆದರೆ ಕೊಳೆತ ಮೊಟ್ಟೆಯ ಕೊರತೆ ಇದೆ ಎಂದು ಯಾರೂ ಹೇಳುವುದಿಲ್ಲ.

ನಮ್ಮ ಮನೆಯ ಉರ್ದುವಿನಲ್ಲಿ ಇಂಥ ವಸ್ತುವಿಗೆ 'ನಾಯಾಬ್' ಎನ್ನುತ್ತಾರೆ. 'ಯಾಬ್' ಎಂಬ ಭಾಗ 'ಸಿಗುವುದು, ಪಡೆಯುವುದು' ಎಂಬರ್ಥದ ಪಾರಸಿ ಪದದಿಂದ ಬಂದದ್ದು. ಅಂದರೆ ನಾಯಾಬ್ ಎಂದರೆ ಸಿಗದೇ ಇರುವುದು. ಸಿಗಲಿಲ್ಲ ಎನ್ನಬೇಕಾದರೆ ಮೊದಲು ಹುಡುಕುವವನೊಬ್ಬ ಇರಬೇಕಲ್ಲ! ಬೇಡಿಕೆ ಎಂಬುದು ಆ ಪದದೊಳಗೇ ಇದೆ.

ಬೇಡಿಕೆ ತಡವಾಗಿಯೂ ಬರಬಹುದು

ಅದೇ ಹಿಂಜರಿತದ ಕಾಲದಲ್ಲಿ ಬ್ರಿಟನ್ನಿನ ಮೆಕ್ಲಾರೆನ್ ಕಂಪನಿಯ ಎಫ್1 ಕಾರು ಬಂತು. ಬೆಲೆ 5 ಲಕ್ಷ ಪೌಂಡ್‌ಗೂ ಹೆಚ್ಚು. ಸುಮಾರು 300 ಮಾಡುವ ಆಸೆಯಿತ್ತು, 1998ರಲ್ಲಿ ನಿಂತಾಗ ಆಗಿದ್ದು 106. ರೇಸಿನವು ಮತ್ತು ಮಾದರಿಗಳನ್ನು ಬಿಟ್ಟರೆ ರಸ್ತೆಗೆ ಮಾಡಿದ್ದು 64 ಮಾತ್ರ. ಇದೂ ಆಗ ಅಂದುಕೊಂಡಷ್ಟು ಮಾರಾಟವಾಗದ ಕಾರೇ. ಆದರೆ ಎಫ್1 1995ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದಿತು, 1998ರಲ್ಲಿ ಗಂಟೆಗೆ 386 ಕಿಲೋಮೀಟರ್ ವೇಗದ ದಾಖಲೆ ಮಾಡಿತು. ವರ್ಷ ಕಳೆದಂತೆ ಬೇಕೆನ್ನುವವರು ಹೆಚ್ಚಿದರು, ಕಾರುಗಳು ಹೆಚ್ಚಲಿಲ್ಲ. 2021ರಲ್ಲಿ ಒಂದು ಎಫ್1 2 ಕೋಟಿ ಡಾಲರ್ ದಾಟಿತು. 'ಮಿಸ್ಟರ್ ಬೀನ್' ಪಾತ್ರದ ರೋವನ್ ಅಟ್ಕಿನ್ಸನ್ ತಮ್ಮ ಎಫ್1 ಕಾರನ್ನು ಎರಡು ಸಲ ಅಪಘಾತ ಮಾಡಿದ್ದರು. ಆದರೂ 2015ರಲ್ಲಿ ಅದು ಕೊಂಡ ಬೆಲೆಯ ಹತ್ತು ಪಟ್ಟಿಗೂ ಹೆಚ್ಚಿಗೆ ಮಾರಾಟವಾಯಿತು.

ಮಾತು ಮತ್ತು ಬದಲಿ ಸರಕು

ಎಫ್40 ನಂತರ ಫೆರಾರಿ ತನ್ನ ಪದ್ಧತಿ ಬದಲಿಸಿತು. 1995ರ ಎಫ್50 ಕಾರಿಗೆ 350 ಗಿರಾಕಿಗಳು ಸಿಗಬಹುದೆಂದು ಅಂದಾಜಿಸಿ, ಅದಕ್ಕಿಂತ ಒಂದು ಕಡಿಮೆ, 349 ಮಾತ್ರ ಮಾಡಿತು. ಇಂದು ಎಫ್50 ಸಾಮಾನ್ಯವಾಗಿ ಎಫ್40ಗಿಂತ ಹೆಚ್ಚು ಬೆಲೆ ತರುತ್ತದೆ. ಲಾಫೆರಾರಿ ಕಾರಿಗೆ 499 ಎಂದು ಹೇಳಿತ್ತು. ಐನೂರನೆಯದನ್ನು ಮಾಡಿದ್ದು ಇಟಲಿಯ ಭೂಕಂಪ ಪರಿಹಾರಕ್ಕಾಗಿ. ಅದು 2016ರ ಹರಾಜಿನಲ್ಲಿ 70 ಲಕ್ಷ ಡಾಲರ್ ತಂದಿತು. ಒಳ್ಳೆಯ ಕೆಲಸಕ್ಕೆ ಒಂದು ಹೆಚ್ಚಾದರೆ ಗಿರಾಕಿಗಳು ಒಪ್ಪಿಯಾರು. ನೂರು ಹೆಚ್ಚಾದರೆ ಮುಂದಿನ ಸಲ ಕಂಪನಿ ಹೇಳುವ ಸಂಖ್ಯೆಯನ್ನು ಯಾರು ನಂಬುತ್ತಾರೆ? ಇಂಥ ವ್ಯಾಪಾರದಲ್ಲಿ ಕೊಟ್ಟ ಮಾತೂ ಬಂಡವಾಳವೇ.

ಆದರೆ ಮಾತು ಮುರಿಯದೆಯೂ ಬೆಲೆ ಇಳಿಯಬಹುದು. ಜರ್ಮನಿಯ ಪೋರ್ಷೆ 2016ರಲ್ಲಿ 911 ಆರ್ ಎಂಬ ಕಾರನ್ನು 991 ಮಾತ್ರ ಮಾಡುವುದಾಗಿ ಹೇಳಿತು. ಶಕ್ತಿಯುತ 4 ಲೀಟರ್ ಎಂಜಿನ್, ಕೈಯಲ್ಲೇ ಗೇರ್ ಹಾಕುವ ವ್ಯವಸ್ಥೆ ಅದರ ಆಕರ್ಷಣೆ. ಕೊಂಡವರು ಎರಡು ಮೂರು ಪಟ್ಟು ಬೆಲೆ ಕೇಳತೊಡಗಿದರು. 2017ರಲ್ಲಿ ಪೋರ್ಷೆ ತನ್ನ ಜಿಟಿ3 ಕಾರಿಗೆ ಅಂಥದೇ ಎಂಜಿನ್ ಮತ್ತು ಗೇರ್ ಕೊಟ್ಟು, ದೊಡ್ಡ ರೆಕ್ಕೆ ಇಲ್ಲದ 'ಟೂರಿಂಗ್' ರೂಪವನ್ನೂ ತಂದಿತು. ಅದಕ್ಕೆ ಸಂಖ್ಯೆಯ ಮಿತಿ ಇರಲಿಲ್ಲ. 911 ಆರ್ ಬೆಲೆ ಇಳಿಯಿತು. ಸಂಖ್ಯೆ 991 ಹಾಗೆಯೇ ಇತ್ತು, ಆದರೆ ಹತ್ತಿರದ ಬದಲಿ ಸರಕು ಮಾರುಕಟ್ಟೆಗೆ ಬಂದಿತ್ತು. ಬದಲಿ ಸರಕಿನ ಬಗ್ಗೆ ಪರೀಕ್ಷೆಯಲ್ಲಿ ಚಹಾ–ಕಾಫಿ ಬರೆದು ಬೇಸರವಾಗಿದ್ದರೆ ಈ ಉದಾಹರಣೆ ಬರೆಯಿರಿ.

ನಮಗೇನು ಸಂಬಂಧ?

ಈ ಕಾರುಗಳನ್ನು ನಮ್ಮಲ್ಲಿ ಯಾರೂ ಕೊಳ್ಳುವುದಿಲ್ಲ. ಆದರೆ 'ಲಿಮಿಟೆಡ್ ಎಡಿಷನ್' ಎಂಬ ಪದ ಈಗ ಶೂ, ವಾಚು, ಮೊಬೈಲ್ ಡಬ್ಬಿಗಳ ಮೇಲೂ ಇದೆ. ಆ ಪದಕ್ಕಾಗಿ ಅಪ್ಪನ ಜೇಬಿನಿಂದ ಹೆಚ್ಚು ಹಣ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು:

1. ಸಂಖ್ಯೆ ಎಷ್ಟು ಎಂದು ಹೇಳಿದ್ದಾರೆಯೇ, ಅಥವಾ 'ಲಿಮಿಟೆಡ್' ಎಂದಷ್ಟೇ ಬರೆದಿದ್ದಾರೆಯೇ?
2. ಹಿಂದೆ ಹೇಳಿದ ಸಂಖ್ಯೆಗೆ ಅವರು ಬದ್ಧರಾಗಿದ್ದರೇ?
3. ಇದೇ ಗುಣದ ಸಾಮಾನ್ಯ ಸರಕು ಪಕ್ಕದಲ್ಲೇ ಸಿಗುತ್ತದೆಯೇ?
4. ಐದು ವರ್ಷದ ನಂತರ ಇದನ್ನು ಹುಡುಕಿಕೊಂಡು ಬರುವವರು ಇರುತ್ತಾರೆಯೇ?

ಮೊದಲ ಮೂರಕ್ಕೆ ಉತ್ತರ ಅಂಗಡಿಯಲ್ಲೇ ವಿಚಾರಿಸಿದರೆ, ಸ್ವಲ್ಪ ಹುಡುಕಿದರೆ ಸಿಗುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. 1989ರಲ್ಲಿ 50,000 ಪೌಂಡ್ ಕಟ್ಟಿದವರಿಗೂ ಅದು ಗೊತ್ತಿರಲಿಲ್ಲ. ಆದ್ದರಿಂದ ಇಷ್ಟವಾದ ವಸ್ತುವನ್ನು ಬಳಸಲು ಕೊಳ್ಳಿ, ಡಬ್ಬಿಯ ಮೇಲಿನ ಸಂಖ್ಯೆಗೆ ಮಾತ್ರ ಹಣ ಕೊಡಬೇಡಿ.